ಕಟ್‌ಆಫ್‌ಗಿಂತ ಮೂರು ಅಂಕ ಮೇಲೆ

"ಯಾರು ಹೇಳಿದ್ದು ನಿಮಗೆ, ಈ ಹದಿನೇಳು ಪ್ರಶ್ನೆ ಮುಟ್ಟೋಕೆ?"

ಇಡೀ ಕ್ಲಾಸು ತಿರುಗಿ ನೋಡಿತು.

ಕೋಚಿಂಗ್ ಸೆಂಟರಿನ ಮೂರನೇ ಮಹಡಿ. ಗಾಳಿಗಿಂತ ಸದ್ದನ್ನೇ ಹೆಚ್ಚು ಮಾಡುವ ಫ್ಯಾನುಗಳು. ಅವಳ ಉತ್ತರ ಪತ್ರಿಕೆ ಪಾಠ ಹೇಳುವವನ ಕೈಯಲ್ಲಿತ್ತು, ಅದರ ತುಂಬ ಕೆಂಪು ಗೆರೆ. ಅವಳು ಆ ಸೆಂಟರಿಗೆ ಸೇರಿ ಇನ್ನೂ ಒಂದು ವಾರವೂ ಆಗಿರಲಿಲ್ಲ. ಬಂದ ಮೊದಲ ಟೆಸ್ಟಿಗೇ ಈ ಮರ್ಯಾದೆ!

"ಹದಿನೇಳರಲ್ಲಿ ಮೂರು ಸರಿ, ಹದಿನಾಲ್ಕು ತಪ್ಪು. ತಪ್ಪಿಗೆ ಅಂಕ ಕಳೀತಾರೆ ಅನ್ನೋದು ಗೊತ್ತಿಲ್ವಾ? ಗೊತ್ತಿರೋದನ್ನಷ್ಟೇ ಬರೆದು ಸುಮ್ನೆ ಕೂತಿದ್ರೆ ಇದ್ದ ಅಂಕನಾದ್ರೂ ಉಳೀತಿತ್ತು. ಕಳೆದ ಹತ್ತು ವರ್ಷದ ಕಟ್‌ಆಫ್ ಒಂದ್ಸಲನಾದ್ರೂ ನೋಡಿದೀರಾ?"

ಅವಳು ಎದ್ದು ನಿಂತಳು.

"ಬಾವಿಗೆ ಬಿದ್ದೋರು ಹಗ್ಗ ಗಟ್ಟಿ ಇದೆಯಾ ಅಂತ ಪರೀಕ್ಷೆ ಮಾಡಿ ಹಿಡೀತಾರಾ ಸರ್? ನನ್ನದು ಕೊನೇ ಅಟೆಂಪ್ಟ್. ಸಿಕ್ಕಿದ್ದಕ್ಕೆಲ್ಲ ಕೈ ಹಾಕ್ತೀನಿ!"

ಕೊನೇ ಅಟೆಂಪ್ಟ್ ಅನ್ನುವ ಮಾತು ಆ ಕೋಣೆಯಲ್ಲಿ ಎಲ್ಲರಿಗೂ ಅರ್ಥವಾಗುವಂಥದ್ದು. ಈ ಸಲ ಹೋದರೆ ವಯಸ್ಸು ಮೀರಿತು. ನಾಗರಿಕ ಸೇವಾ ಪರೀಕ್ಷೆಯ ಬಾಗಿಲು ಮುಚ್ಚಿತು... ಜೀವನ ಪೂರ್ತಿ.

ಅವನ ಮುಖ ಸಣ್ಣದಾಯಿತು. ಪತ್ರಿಕೆಯನ್ನು ಮಡಚಿ ಅವಳ ಡೆಸ್ಕಿನ ಮೇಲಿಟ್ಟ. ಕ್ಲಾಸು ಮುಗಿದು ಎಲ್ಲರೂ ಇಳಿದು ಹೋದ ಮೇಲೆ ಅವಳ ಬಳಿ ಬಂದು ನಿಂತ.

"ಹಗ್ಗ ನಾನು ಕೊಡ್ತೀನಿ. ಆದ್ರೆ ಹೇಳಿದ ಹಾಗೆ ಹಿಡೀಬೇಕು."

ಅಬ್ಬಾ, ಇವನ ಜಂಬವೇ! ಹಾಗಂದುಕೊಂಡಳು ಅವಳು. ಆದರೂ ಮಾರನೇ ದಿನ ಎಲ್ಲರಿಗಿಂತ ಮೊದಲು ಬಂದು ಮುಂದಿನ ಬೆಂಚಿನಲ್ಲಿ ಕೂತಿದ್ದಳು.

ಸೆಂಟರಿನಲ್ಲಿ ಅವನಿಗೆ ಇದ್ದ ಹೆಸರೇ ಕಟ್‌ಆಫ್ ಸರ್. ಯಾವ ವರ್ಷ ಎಷ್ಟು ಅಂಕಕ್ಕೆ ಗಡಿ ನಿಂತಿತ್ತು ಅಂತ ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದ. ಹೇಳದೆ ಏನು? ಅದರಲ್ಲಿ ಮೂರು ವರ್ಷ ಅವನು ಅದೇ ಗಡಿಗೆ ಹಣೆ ಚಚ್ಚಿಕೊಂಡು ಬಿದ್ದವನು. ಒಮ್ಮೆ ಎರಡು ಅಂಕ, ಒಮ್ಮೆ ಒಂದು, ಕೊನೇ ಸಲ ಅರ್ಧ! ಅರ್ಧ ಅಂಕಕ್ಕೆ ಸೋತವನು ಆ ಅರ್ಧ ಅಂಕವನ್ನು ಮರೆಯುವುದುಂಟಾ, ನೀವೇ ಹೇಳಿ. ವಯಸ್ಸು ಮೀರಿದ ಮೇಲೆ ಅದೇ ಕಟ್ಟಡದಲ್ಲಿ ಪಾಠ ಹೇಳಲು ನಿಂತುಬಿಟ್ಟ.

ಅವನ ವಿಧಾನ ಸರಳವಾಗಿತ್ತು.

"ಹತ್ತು ವರ್ಷದಲ್ಲಿ ಗಡಿ ಒಂದ್ಸಲಾನೂ ತೊಂಬತ್ತಾರಕ್ಕಿಂತ ಕೆಳಗೆ ಇಳಿದಿಲ್ಲ. ನೂರನಾಲ್ಕಕ್ಕಿಂತ ಮೇಲೆ ಹತ್ತಿಲ್ಲ. ನೂರಹತ್ತು ನಿಮ್ಮ ಗುರಿ. ಮೊದಲ ಸುತ್ತು, ಖಚಿತವಾಗಿ ಗೊತ್ತಿರೋದು. ಎರಡನೇ ಸುತ್ತು, ಎರಡು ಉತ್ತರದ ಮಧ್ಯೆ ಸಿಕ್ಕಾಕೊಂಡಿರೋದು. ಅಲ್ಲಿಗೆ ನಿಲ್ಸಿ. ಪೆನ್ನು ಕೆಳಗಿಡಿ. ಕೈ ಕಟ್ಕೊಂಡು ಕೂರಿ."

"ಇನ್ನೂ ಸಮಯ ಉಳಿದಿದ್ರೆ?"

"ಕಿಟಕಿ ಹೊರಗೆ ನೋಡಿ."

"ಕಿಟಕಿ ಇಲ್ಲದಿದ್ರೆ?"

"ನನ್ನ ನೆನಪಿಸ್ಕೊಂಡು ಬೈಕೊಳ್ಳಿ!"

ಅವಳಿಗೆ ನಗು ತಡೆಯಲಾಗಲಿಲ್ಲ. ಎಷ್ಟು ತಿಂಗಳಾಗಿತ್ತೋ ಹಾಗೆ ನಕ್ಕು...

ಟೆಸ್ಟಿನಿಂದ ಟೆಸ್ಟಿಗೆ ಅವಳ ಅಂಕ ಏರಿತು. ಎಂಬತ್ತು, ತೊಂಬತ್ತು, ನೂರು ದಾಟಿತು. ಕೆಳಗಿನ ಚಹಾ ಅಂಗಡಿಯಲ್ಲಿ ಅವನು ಎರಡು ಲೋಟ ಹೇಳುವುದು ರೂಢಿಯಾಯಿತು. ಮಾತೆಲ್ಲ ಪ್ರಶ್ನೆ ಪತ್ರಿಕೆಯದ್ದೇ. ಪ್ರೀತಿ ಗೀತಿ ಅಂತ ಒಬ್ಬರೂ ಬಾಯಿ ಬಿಡಲಿಲ್ಲ. 'ಪರೀಕ್ಷೆ ಮುಗೀಲಿ, ಆಮೇಲೆ ಹೇಳ್ತೀನಿ' ಅಂತ ಅವಳೂ, 'ಇವಳ ಮನಸ್ಸು ಈಗ ಕೆಡಿಸಬಾರದು' ಅಂತ ಅವನೂ ತುಟಿ ಹೊಲಿದುಕೊಂಡು ಕೂತಿದ್ದರು. ಓದುವವರ ಪ್ರೀತಿಯೇ ಹಾಗೆ, ಅದಕ್ಕೂ ಪರೀಕ್ಷೆಯ ದಿನಾಂಕ ಬೇಕು.

ಅಷ್ಟು ಹೊತ್ತಿಗೆ ಅವಳ ಅಪ್ಪ ಬೇರೆ ಊರಿನಲ್ಲಿ, ಅಣ್ಣನ ಮನೆಯಲ್ಲಿ, ಹಾಸಿಗೆ ಹಿಡಿದಿದ್ದರು. ಜೀವಮಾನವಿಡೀ ಹೊಲಿಗೆ ಯಂತ್ರ ತುಳಿದ ದರ್ಜಿ. ಬಟ್ಟೆಯ ದೂಳು ಕುಡಿದು ಕುಡಿದು ಶ್ವಾಸಕೋಶ ಕೈ ಕೊಟ್ಟಿತ್ತು. ಫೋನಿನಲ್ಲಿ ಒಂದು ಮಾತಿಗೆ ಎರಡು ಸಲ ಉಸಿರು ಎಳೆಯುತ್ತಿದ್ದರು.

"ಏನಮ್ಮಾ... ಆಫೀಸರಮ್ಮ... ಊಟ ಆಯ್ತಾ?"

"ಅಪ್ಪಾ, ಬರ್ಲಾ ಒಂದ್ಸಲ?"

"ಬೇಡ ಬೇಡ. ಮುಗಿಸ್ಕೊಂಡೇ ಬಾ. ನಾನೆಲ್ಲಿಗೆ ಹೋಗ್ತೀನಿ!"

ಫೋನಿಟ್ಟ ಮೇಲೆ ಅವಳು ಬಾತ್‌ರೂಮಿನ ನಲ್ಲಿ ತಿರುಗಿಸಿ ಅತ್ತು ಬಂದು ಮತ್ತೆ ಓದಲು ಕೂರುತ್ತಿದ್ದಳು. ಅದು ಅವನಿಗೂ ಗೊತ್ತಿತ್ತು. ಕೆಂಪಾದ ಕಣ್ಣನ್ನು ಅವನು ಯಾವತ್ತೂ ಪ್ರಶ್ನಿಸಲಿಲ್ಲ.

ಪ್ರಿಲಿಮ್ಸ್, ಅಂದರೆ ಮೊದಲ ಹಂತದ ಪರೀಕ್ಷೆಯ ದಿನ ಬಂತು.

ಪ್ರಶ್ನೆ ಪತ್ರಿಕೆ ಬಿಚ್ಚಿ ಮಗುಚತೊಡಗಿದಳು. ಒಂದು ಪುಟ, ಎರಡು ಪುಟ, ಮೂರು ಪುಟ... ಗುರುತು ಪರಿಚಯದ ಪ್ರಶ್ನೆಯೇ ಇಲ್ಲ! ಆದರೂ ಮೊದಲ ಸುತ್ತು ಮುಗಿಸಿದಳು, ಎರಡನೇ ಸುತ್ತು ಮುಗಿಸಿದಳು. ಅಲ್ಲಿಗೆ ಪೆನ್ನು ಕೆಳಗಿಟ್ಟಳು. ಕೈ ತುರಿಸುತ್ತಿತ್ತು. ಮುಟ್ಟಲಿಲ್ಲ. ಅವನು ಹೇಳಿದ ಹಾಗೆ ಹಗ್ಗ ಹಿಡಿದಳು.

ಹೊರಗೆ ಬಂದರೆ ಗೇಟಿನ ಬಳಿ ಅವನು ನಿಂತಿದ್ದ.

"ಹೇಗಿತ್ತು?"

"ತುಂಬಾ ಕಷ್ಟ ಸರ್. ಪಕ್ಕದ ಹುಡುಗಿ ಅರ್ಧ ಗಂಟೆ ಅಳ್ತಾನೇ ಇದ್ಲು. ಅಲ್ನೋಡಿ, ಫುಟ್‌ಪಾತ್ ಮೇಲೆ ಕೂತಿದ್ದಾರಲ್ಲ, ಅವರು ಎರಡು ಸಲ ಇಂಟರ್‌ವ್ಯೂವರೆಗೂ ಹೋದವರು. ಅವರೇ ತಲೆ ಮೇಲೆ ಕೈ ಹೊತ್ಕೊಂಡಿದಾರೆ!"

ಅವನು ಆ ಕಡೆ ನೋಡಲೇ ಇಲ್ಲ.

"ಪ್ರತಿ ವರ್ಷ ಅಳ್ತಾರೆ. ಅಳು ನೋಡಿ ಕಟ್‌ಆಫ್ ಇಳಿಯಲ್ಲ."

ತಪ್ಪಾಗಿದ್ದು ಇಲ್ಲೇ. ಹತ್ತು ವರ್ಷದ ಅಂಕಗಳನ್ನು ಎದೆಯಲ್ಲಿಟ್ಟುಕೊಂಡವನಿಗೆ ಕಣ್ಣೆದುರಿನ ಮುಖಗಳು ಕಾಣಲಿಲ್ಲ. ಇಷ್ಟು ಓದಿದವರಿಗೆ ಮಾತ್ರ ಬರುವ ಕುರುಡು ಇದು.

ಎರಡು ದಿನಕ್ಕೆ ಸೆಂಟರಿನವರು ಸರಿ ಉತ್ತರಗಳ ಪಟ್ಟಿ ಹೊರಡಿಸಿದರು. ಅವಳು ತನ್ನ ಉತ್ತರಗಳನ್ನು ಒಂದೊಂದಾಗಿ ತಾಳೆ ನೋಡಿದಳು.

ತೊಂಬತ್ತೊಂದು.

ಸ್ಟಾಫ್ ರೂಮಿನ ಹೊರಗೆ ಉದ್ದನೆಯ ಸಾಲು. ಎಲ್ಲರದೂ ಒಂದೇ ಪ್ರಶ್ನೆ. ರಿಸಲ್ಟ್ ಬರುವ ಮೊದಲೇ ಎರಡನೇ ಹಂತದ ಮೇನ್ಸ್‌ಗೆ ಓದಲು ಶುರು ಮಾಡಬೇಕಾ, ಬೇಡವಾ? ಕಾಯ್ದುಕೊಂಡು ಕೂತರೆ ಆಮೇಲೆ ಓದಲು ವಾರಗಳೇ ಉಳಿಯುವುದಿಲ್ಲ. ಅವಳು ಸಾಲಿನ ಕೊನೆಯಲ್ಲಿ ನಿಂತಳು. ಎಲ್ಲರೂ ಹೋದ ಮೇಲೆ ಒಳಗೆ ಬಂದಳು.

"ತೊಂಬತ್ತೊಂದು ಸರ್. ನಿಜ ಹೇಳಿ."

ಅವನು ಮೇಜಿನ ಅಂಚನ್ನೇ ಉಜ್ಜುತ್ತಿದ್ದ.

"ಬರಲ್ಲ."

ಅವಳು ಉತ್ತರಗಳ ಪಟ್ಟಿಯನ್ನು ಮೇಜಿನ ಮೇಲೆ ಬಿಡಿಸಿಟ್ಟಳು.

"ತೊಂಬತ್ತಾರಕ್ಕಿಂತ ಕೆಳಗೆ ಯಾವತ್ತೂ ಬಂದಿಲ್ಲ. ಪುಸ್ತಕ ಮುಚ್ಚಿಡಿ. ಮನೆಗೆ ಹೋಗಿ. ನಿಮ್ಮ ತಂದೆ ಕಾಯ್ತಾ ಇದಾರೆ."

ಅವಳು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವನ ಮಾತಿನ ಮೇಲೆ ಅಷ್ಟು ನಂಬಿಕೆ! ಆ ಸಂಜೆಯ ಬಸ್ಸಿಗೇ ಹೊರಟಳು. ಅವನು ಬಸ್ ನಿಲ್ದಾಣಕ್ಕೆ ಬಂದ. ಕಿಟಕಿಯಲ್ಲಿ ಅವಳ ಮುಖ ನೋಡುತ್ತಾ ಏನೋ ಹೇಳಬೇಕೆಂದು ಬಾಯಿ ತೆರೆದ. ಸೋತು ಹೋಗುತ್ತಿರುವವಳಿಗೆ ಈ ಹೊತ್ತಿನಲ್ಲಿ ಪ್ರೀತಿ ಅಂದರೆ ಅದು ಸಮಾಧಾನದ ಬಹುಮಾನದ ಹಾಗಿರುತ್ತದೆ ಅನ್ನಿಸಿ ಬಾಯಿ ಮುಚ್ಚಿಕೊಂಡ.

ಬಸ್ಸು ಹೊರಟಿತು.

ಅಪ್ಪ ಅರ್ಧ ಆಗಿಹೋಗಿದ್ದರು. ಮಂಚದ ಪಕ್ಕ ಆಕ್ಸಿಜನ್ ಸಿಲಿಂಡರ್. ಅತ್ತಿಗೆಯ ಕಣ್ಣಿನ ಕೆಳಗೆ ಕಪ್ಪು. ಅವಳು ಬಂದವಳೇ ಸೊಂಟಕ್ಕೆ ಸೆರಗು ಸಿಕ್ಕಿಸಿದಳು. ಮೈ ಒರೆಸಿದಳು, ಹಾಸಿಗೆ ಬದಲಿಸಿದಳು, ಗಂಜಿ ಚಮಚದಲ್ಲಿ ಕುಡಿಸಿದಳು.

"ಓದಲ್ವೇನೇ?" ಅಂದರು ಅಪ್ಪ ಮೂರನೇ ದಿನ.

"ರಜೆ ಅಪ್ಪ."

ಅಪ್ಪ ಅವಳ ಮುಖವನ್ನೇ ನೋಡಿದರು. ಅಳತೆ ಪಟ್ಟಿ ಹಿಡಿದು ಬದುಕಿದ ಮನುಷ್ಯನ ಕಣ್ಣು, ಮಗಳ ಸೋಲು ಎಷ್ಟುದ್ದ ಅಂತ ಗೊತ್ತಾಗದೆ ಇರುತ್ತಾ?

"ಒಳ್ಳೇದಾಯ್ತು ಬಿಡು. ಆಫೀಸರ್ ಆಗಿದ್ರೆ... ನನ್ ಪಕ್ಕ ಕೂರೋಕೆ... ರಜಾ ಅರ್ಜಿ ಹಾಕ್ಬೇಕಿತ್ತು."

ಅಪ್ಪ ಮಗಳು ಇಬ್ಬರೂ ನಕ್ಕರು. ಅಪ್ಪನಿಗೆ ನಗು ಕೆಮ್ಮಾಯಿತು, ಮಗಳಿಗೆ ಅಳುವಾಯಿತು.

ಆಮೇಲಿನ ದಿನಗಳಲ್ಲಿ ಅವರು ಮಾತಾಡಿದ್ದಕ್ಕೆ ಲೆಕ್ಕವಿಲ್ಲ. ಎಂದೋ ತೀರಿಹೋದ ಅಮ್ಮನನ್ನು ಮೊದಲು ನೋಡಿದ್ದು, ಒಬ್ಬ ಮದುಮಗನ ಪ್ಯಾಂಟಿಗೆ ಎರಡು ಎಡಗಾಲು ಕತ್ತರಿಸಿ ಒದೆ ತಿನ್ನುವುದರಿಂದ ತಪ್ಪಿಸಿಕೊಂಡಿದ್ದು, ಎಲ್ಲ ಹೇಳಿದರು. ಇಷ್ಟು ವರ್ಷ ಪುಸ್ತಕದಲ್ಲಿ ತಲೆ ಹುದುಗಿಸಿದವಳಿಗೆ ತನ್ನ ಅಪ್ಪ ಇಷ್ಟು ತಮಾಷೆಯ ಮನುಷ್ಯ ಅಂತಲೇ ಗೊತ್ತಿರಲಿಲ್ಲ!

ಒಂದು ಬೆಳಿಗ್ಗೆ ಚಮಚದಲ್ಲಿ ಕೊಟ್ಟ ನೀರು ಅಪ್ಪನ ತುಟಿಯ ಅಂಚಿನಿಂದ ಹಾಗೇ ಹೊರಗೆ ಹರಿಯಿತು. ಅವಳು ಒರೆಸಿದಳು. ಮತ್ತೊಂದು ಚಮಚ ಹಿಡಿದಳು. ಅಣ್ಣ ಬಂದು ಅವಳ ಕೈ ಹಿಡಿದು ನಿಲ್ಲಿಸಬೇಕಾಯಿತು.

ಅಪ್ಪ ಹೋಗಿ ವಾರ ಕಳೆದಿತ್ತು. ಫೋನು ಬಂತು. ಸೆಂಟರಿನ ಸಹಪಾಠಿ, ಗುಟ್ಟು ಅನ್ನುವುದು ಬಾಯಲ್ಲಿ ನಿಲ್ಲದ ಕಾರಣಕ್ಕೆ ಎಲ್ಲರೂ ಮೈಕ್ ಅಂತ ಕರೆಯುತ್ತಿದ್ದವನು.

"ಏಯ್! ನಿನ್ ನಂಬರ್ ಇದೆ ಕಣೇ! ಪಾಸು! ಕಟ್‌ಆಫ್ ಎಂಬತ್ತೆಂಟಕ್ಕೆ ಬಿದ್ದಿದೆ! ನಂದು ಎಂಬತ್ತೊಂಬತ್ತು, ನಾನೂ ಪಾಸು!"

ಅವಳು ಫೋನನ್ನು ಇನ್ನೊಂದು ಕಿವಿಗೆ ಬದಲಿಸಿದಳು.

"ಸರ್ ಅವತ್ತೇ ಅಂದಿದ್ರು, 'ಓದು, ಬಿಡಬೇಡ' ಅಂತ. ಅದಕ್ಕೇ ಅವತ್ತಿಂದ ಓದ್ತಾನೇ ಇದೀನಿ. ನೀನೂ ಓದ್ತಾ ಇದೀಯ ತಾನೆ?"

"...ನಿಂಗೆ ಓದು ಅಂದ್ರಾ?"

"ಎಲ್ಲರಿಗೂ ಅಂದ್ರಲ್ಲ! ಯಾಕೆ?"

ಅವಳು ಫೋನಿಟ್ಟಳು. ತನಗಿಂತ ಕಡಿಮೆ ಅಂಕದವನಿಗೆ ಓದು ಅಂದವನು, ತನಗೊಬ್ಬಳಿಗೆ ಪುಸ್ತಕ ಮುಚ್ಚಿಡು ಅಂದ! ಮೇನ್ಸ್‌ಗೆ ಉಳಿದದ್ದು ಎರಡೇ ವಾರ. ಅವಳ ಪುಸ್ತಕಗಳ ಮೇಲೆ ಆಗಲೇ ದೂಳು ಕೂತಿತ್ತು.

ಮಾರನೇ ದಿನ ವಿಳಾಸ ಹುಡುಕಿಕೊಂಡು ಅವನೇ ಬಂದ. ಹೆಗಲಿಗೆ ಚೀಲ, ಅದರ ತುಂಬ ಮೇನ್ಸ್ ನೋಟ್ಸು. ಬಾಗಿಲಲ್ಲಿ ನಿಂತವನನ್ನು ಒಳಗೆ ಬನ್ನಿ ಅನ್ನಲಿಲ್ಲ ಅವಳು.

"ತಪ್ಪಾಯ್ತು. ನನ್ನ ಲೆಕ್ಕ..."

"ಲೆಕ್ಕದ ಮಾತು ಎತ್ತಬೇಡಿ!" ಅವಳ ಧ್ವನಿಗೆ ಒಳಗಿದ್ದ ಅತ್ತಿಗೆ ಹೊರಗೆ ಬಂದಳು. "ಎಲ್ಲರಿಗೂ ಓದಿ ಅಂದ್ರಿ. ನನಗೆ ಮಾತ್ರ ಬೇಡ ಅಂದ್ರಿ. ಯಾಕೆ? ನಿಮಗೆ ಸಿಗದೇ ಇದ್ದದ್ದು ನನಗೆ ಸಿಕ್ಬಿಡುತ್ತೆ ಅಂತ ಹೊಟ್ಟೆ ಉರೀತಾ?"

ಅವನು ಹೇಳಬಹುದಿತ್ತು. ಒಂದೇ ಒಂದು ಮಾತು ಸಾಕಿತ್ತು. ಆದರೆ ತಂದೆಯನ್ನು ಕಳೆದುಕೊಂಡು ನಿಂತವಳ ಎದುರು, ತನ್ನ ತಪ್ಪಿಗೆ ಪ್ರೀತಿಯ ಬಣ್ಣ ಬಳಿಯುವುದು ಅವನಿಗೆ ಹೇಸಿಗೆ ಅನ್ನಿಸಿತು.

ಚೀಲವನ್ನು ಹೊಸ್ತಿಲ ಪಕ್ಕ ಇಟ್ಟು ತಲೆ ತಗ್ಗಿಸಿ ಹೋದ.

'ಮಾತಾಡಲಿಲ್ಲ. ಅಂದ್ರೆ ನಿಜ...' ಅಂದುಕೊಂಡಳು. ಬಾಗಿಲು ಹಾಕಿ ಅದಕ್ಕೇ ಒರಗಿ ಕೂತಳು. ಅಪ್ಪ ಸತ್ತಾಗಲೂ ಬಾರದಷ್ಟು ಅಳು ಬಂತು.

ಮೇನ್ಸ್ ಬರೆದಳು. ಬರೆದಳು ಅನ್ನುವುದಕ್ಕಿಂತ ಕೂತು ಎದ್ದು ಬಂದಳು ಅನ್ನಿ. ಪ್ರಶ್ನೆ ಓದಿದರೆ ಉತ್ತರದ ಬದಲು ಅಪ್ಪನ ಉಸಿರಿನ ಸದ್ದು ಕೇಳುತ್ತಿತ್ತು. ಖಾಲಿ ಬಿಟ್ಟ ಪುಟಗಳೇ ಹೆಚ್ಚು.

ಕೆಲವು ತಿಂಗಳ ನಂತರ ಇಂಟರ್‌ವ್ಯೂಗೆ ಆಯ್ಕೆಯಾದವರ ಪಟ್ಟಿ ಬಂತು. ಅವಳ ನಂಬರ್ ಇರಲಿಲ್ಲ. ಅವಳು ಎರಡನೇ ಸಲ ಹುಡುಕಲೂ ಇಲ್ಲ. ಫೋನು ಪಕ್ಕಕ್ಕಿಟ್ಟು ಅತ್ತಿಗೆಯ ಜೊತೆ ಬಟ್ಟೆ ಒಣಹಾಕಲು ಹೋದಳು. ಇಷ್ಟು ವರ್ಷದ ಓದು... ಮುಗಿಯಿತು. ಹೀಗೆ, ಒದ್ದೆ ಬಟ್ಟೆ ಹಿಂಡುತ್ತಾ ಮುಗಿಯಿತು.

ಮೈಕ್‌ನ ನಂಬರ್ ಪಟ್ಟಿಯಲ್ಲಿತ್ತು. ಮೂರು ದಿನ ಬಿಟ್ಟು ಅವನೇ ಮನೆಗೆ ಬಂದ. ಕೊಟ್ಟ ನೀರು ಕುಡಿದು ಲೋಟ ಕೆಳಗಿಟ್ಟ.

"ನೀನು ಸರ್‌ಗೆ ಏನಂದೆ ಅಂತ, ನಿಂಗೆ ಫೋನ್ ಮಾಡಿದಾಗ ಎತ್ತಿದ ನಿಮ್ಮ ಅತ್ತಿಗೆ ಹೇಳಿದ್ರು. ತಪ್ಪು ತಿಳ್ಕೊಂಡಿದೀಯ ಕಣೇ."

"ಏನು ತಪ್ಪು?"

"ಎಲ್ಲರಿಗೂ 'ಓದಿ' ಅಂತಾನೇ ಹೇಳ್ಬೇಕು ಅಂತ ಸೆಂಟರಿನವರ ಆರ್ಡರ್. ಮೇನ್ಸ್ ಬ್ಯಾಚ್ ತುಂಬ್ಬೇಕಲ್ಲ! ನಾನು ಅವತ್ತು, 'ನಿಜವಾಗ್ಲೂ ಬರುತ್ತಾ ಸರ್?' ಅಂದೆ. ಮುಖಾನೂ ಎತ್ತದೆ 'ಓದು' ಅಂದ್ರು. ನಾನು ಬಿದ್ರೆ ಅವರಿಗೇನು? ನಾನು ಅವರಿಗೆ ಯಾರು? ಆರ್ಡರ್ ಮೀರಿ ತಮಗೆ ನಿಜ ಅನ್ನಿಸಿದ್ದನ್ನ ಹೇಳಿದ್ದು ನಿಂಗೊಬ್ಬಳಿಗೇ. ಅದೇ ಸುಳ್ಳಾಗಿ ಹೋಯ್ತು. ರಿಸಲ್ಟ್ ಬಂದ ದಿನವೇ ನನ್ ಹತ್ರ ಇದನ್ನೆಲ್ಲ ಹೇಳಿ ಕೆಲಸ ಬಿಟ್ರು, ಗೊತ್ತಾ?"

ಬೇಕಾಬಿಟ್ಟಿ ಮಾತು ಇವನನ್ನು ದಡ ಸೇರಿಸಿತು. ಪ್ರೀತಿಯಿಂದ ಆಡಿದ ಮಾತು ತನ್ನನ್ನು ಮುಳುಗಿಸಿತು. ಯಾರನ್ನು ಹಿಡಿದು ಜಗಳವಾಡುವುದು?

"ಈಗ ಎಲ್ಲಿದಾರೆ?"

ಒಂದು ಶಾಲೆಯಲ್ಲಿದ್ದ. ಏಳನೇ ತರಗತಿಗೆ ಗಣಿತ. ಅವಳು ಹೋಗುವಷ್ಟರಲ್ಲಿ ಕೊನೆಯ ಗಂಟೆ ಹೊಡೆದು ಮಕ್ಕಳೆಲ್ಲ ಹೊರಟಿದ್ದರು. ಖಾಲಿ ಕ್ಲಾಸಿನಲ್ಲಿ ಬೆಂಚು ಸರಿಪಡಿಸುತ್ತಿದ್ದವನು ಬಾಗಿಲಲ್ಲಿ ಅವಳನ್ನು ಕಂಡು ಹಾಗೇ ನಿಂತುಬಿಟ್ಟ. ತುಂಬಾ ಇಳಿದುಹೋಗಿದ್ದ.

"ಪಟ್ಟಿ ನೋಡಿದೆ," ಅಂದ.

"ಯಾಕೆ ಹೇಳ್ಲಿಲ್ಲ? ಅವತ್ತು ಬಾಗಿಲಲ್ಲಿ ನಿಲ್ಸಿ ಅಷ್ಟೆಲ್ಲ ಅಂದೆನಲ್ಲ... ಒಂದ್ ಮಾತು ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನಾನು ಗಡಿಯ ಮೇಲೆ ನಿಂತು ಮೂರು ಸಲ ಓದಿದೀನಿ. ಬರುತ್ತೋ ಬರಲ್ವೋ ಗೊತ್ತಿಲ್ದೆ, ಹಗಲೂ ರಾತ್ರಿ. ಅದು ಮನುಷ್ಯನನ್ನ ಒಳಗಿಂದ ತಿಂದುಬಿಡುತ್ತೆ. ನಿಮಗೆ ಆ ನರಕ ಬೇಡ ಅನ್ನಿಸ್ತು. ನಿಮ್ಮ ಮೇಲೆ... ನನಗೆ ಪ್ರೀತಿ ಇತ್ತು. ಆದ್ರೆ ಪ್ರೀತಿ ಇತ್ತು ಅಂದ ಮಾತ್ರಕ್ಕೆ ನಿಮ್ಮ ಸೀಟು ವಾಪಸ್ ಬರುತ್ತಾ?"

"ಬರಲ್ಲ," ಅಂದಳು ಅವಳು. "ನೀವು ನನ್ನ ಬದುಕು ಹಾಳು ಮಾಡಿದ್ರಿ."

"ಹೌದು."

"ಹೌದು ಅನ್ಬೇಡಿ! ಪೂರ್ತಿ ಕೇಳಿ!"

ಅವಳು ಚಿಕ್ಕ ಮಕ್ಕಳ ಬೆಂಚಿನ ಮೇಲೆ ಕುಸಿದು ಕೂತಳು.

"ನೀವು ಅವತ್ತು ಓದಿ ಅಂದಿದ್ರೆ ನಾನು ಮನೆಗೆ ಹೋಗ್ತಾನೇ ಇರ್ಲಿಲ್ಲ. ಅಪ್ಪ ಬೇಡ ಅಂತಿದ್ರು, ನಾನೂ ಸರಿ ಅಂತಿದ್ದೆ. ಸತ್ತ ಮೇಲೆ ಹೋಗಿ ಮುಖ ನೋಡ್ತಿದ್ದೆ. ಅಪ್ಪ ಹೇಗೆ ನಗ್ತಾರೆ ಅಂತ ನಂಗೆ ಗೊತ್ತಾಗಿದ್ದೇ ಆ ದಿನಗಳಲ್ಲಿ ಕಣ್ರೀ. ಕೊನೇ ಗುಟುಕು ನೀರು ಕುಡಿಸಿದ್ದು ನಾನು... ಈಗ ಹೇಳಿ, ನಿಮ್ಮನ್ನ ಏನ್ ಮಾಡ್ಲಿ ನಾನು? ಬೈಯೋಕೆ ಹೋದ್ರೆ ಅಪ್ಪ ನೆನಪಾಗ್ತಾರೆ. ಕ್ಷಮಿಸೋಕೆ ಹೋದ್ರೆ ಆ ಖಾಲಿ ಪುಟಗಳು ನೆನಪಾಗ್ತವೆ!"

ಅವನು ಅವಳ ಎದುರಿನ ಬೆಂಚಿನಲ್ಲಿ ಕೂತ. ಮೊಣಕಾಲು ಎದೆಗೆ ತಾಗುವಷ್ಟು ಗಿಡ್ಡ ಬೆಂಚು. ಅವನ ಕಣ್ಣಿನಿಂದ ನೀರು ಸುಮ್ಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲೂ ಇಲ್ಲ.

"ಕ್ಷಮಿಸಿ ಅಂತ ಕೇಳಲ್ಲ ನಾನು."

"ಕೇಳ್ಬೇಡಿ. ಕೊಡೋಕೆ ನನ್ ಹತ್ರ ಇನ್ನೂ ಇಲ್ಲ." ಅವಳು ಮೂಗು ಒರೆಸಿಕೊಂಡಳು. "ಆದ್ರೆ ಅಣ್ಣ ಅತ್ತಿಗೆ ಎಲ್ಲ 'ಹೋಗ್ಲಿ ಬಿಡು, ಬರೀ ಒಂದು ಪರೀಕ್ಷೆ' ಅಂತಾರೆ. ನಾನು ಏನ್ ಕಳ್ಕೊಂಡೆ ಅಂತ ಈ ಲೋಕದಲ್ಲಿ ಗೊತ್ತಿರೋದು ನಿಮಗೊಬ್ಬರಿಗೇ. ಜಗಳ ಆಡೋಕಾದ್ರೂ ನೀವೇ ಬೇಕು ನಂಗೆ."

"ಎಷ್ಟು ದಿನ ಜಗಳ ಆಡ್ತೀರಿ?"

"ವಯಸ್ಸಾಗೋವರೆಗೂ."

ಅವನು ಕೈ ಚಾಚಿದ. ಅವಳ ಕೈ ಮುಟ್ಟುವಷ್ಟು ಧೈರ್ಯ ಬರದೆ, ಬೆಂಚಿನ ಮೇಲೆ ಅರ್ಧ ದಾರಿಯಲ್ಲಿ ಇಟ್ಟ. ಉಳಿದ ಅರ್ಧ ಅವಳೇ ಬಂದಳು.

"ನಡಿಯುತ್ತಾ ಇದು... ನಮ್ಮಿಬ್ಬರದು?" ಪಿಸುಗುಟ್ಟಿದಳು.

ಅವನು ಅವಳ ಬೆರಳುಗಳನ್ನು ಬಿಗಿಯಾಗಿ ಹಿಡಿದುಕೊಂಡ.

"ಗೊತ್ತಿಲ್ಲ... ಹೋಗ್ಬೇಡಿ."

"ಹೋಗಲ್ಲ."